ನಿಂತಲ್ಲೇ ಸೈಕಲ್: ಬೋರ್ ಆಗದಂತೆ ತುಳಿಯುವುದು ಹೇಗೆ?

ಹತ್ತು ನಿಮಿಷ ಆಗಿರಬೇಕು ಅಂದುಕೊಂಡು ಗಡಿಯಾರ ನೋಡಿದರೆ ನಾಲ್ಕೇ ನಿಮಿಷ. ಮನೆಯೊಳಗೆ ಸೈಕಲ್ ತುಳಿಯುವವರಿಗೆ ಇದು ಚೆನ್ನಾಗಿ ಗೊತ್ತು. ರಸ್ತೆಯಲ್ಲಾದರೆ ತಿರುವು, ಏರು, ಗುಂಡಿ, ಅಡ್ಡ ಬರುವ ನಾಯಿ ಅಂತ ತಲೆಗೆ ಕೆಲಸ ಇರುತ್ತದೆ. ಇಲ್ಲಿ ಎದುರಿಗಿರುವುದು ಗೋಡೆ. ಸರಿ, ಫೋನಿನಲ್ಲಿ ಏನೋ ಒಂದು ಹಚ್ಚಿ ಕೂರುತ್ತೇವೆ. ಆದರೂ ಬೋರ್ ಹೋಗುವುದಿಲ್ಲ. ಯಾಕೆಂದರೆ ನಾವು ಬೋರ್ ಅನ್ನುವುದರಲ್ಲಿ ಅರ್ಧ ಪಾಲು ಬೋರೇ ಅಲ್ಲ, ಸೆಕೆ ಮತ್ತು ಸೀಟಿನ ನೋವು. ಉಳಿದರ್ಧಕ್ಕೆ ಮನರಂಜನೆ ಬೇಕು ನಿಜ. ಆದರೆ ಎಷ್ಟು ಜೋರಾಗಿ ತುಳಿಯುತ್ತೀರೋ ಅದಕ್ಕೆ ಹೊಂದುವಂಥದ್ದೇ ಬೇಕು.

1. ಮೊದಲು ಫ್ಯಾನ್, ಆಮೇಲೆ ಪರದೆ

ಸ್ನಾಯುಗಳು ಸುಡುವ ಶಕ್ತಿಯಲ್ಲಿ ಪೆಡಲ್‌ಗೆ ಹೋಗುವುದು ಸುಮಾರು ಕಾಲು ಭಾಗ ಅಥವಾ ಅದಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಶಾಖ. ಪೆಡಲ್‌ಗೆ 150 ವಾಟ್ ಕೊಡುವಾಗ ಮೈಯೊಳಗೆ ಹೆಚ್ಚುಕಡಿಮೆ 500 ವಾಟ್‌ನಷ್ಟು ಬಿಸಿ ಹುಟ್ಟುತ್ತದೆ. ಹೊರಗೆ ಅದನ್ನು ಎದುರುಗಾಳಿ ಹೊತ್ತೊಯ್ಯುತ್ತದೆ. ಒಳಗೆ ಗಾಳಿಯೇ ಇಲ್ಲ. ತುಳಿಯುವ ವೇಗ ಅಷ್ಟೇ ಇದ್ದರೂ ಎದೆಬಡಿತ ಮಾತ್ರ ಏರುತ್ತಾ ಹೋಗುತ್ತದೆ. ಆಗ ಎಂಥ ಒಳ್ಳೆ ಸೀರೀಸ್ ಹಾಕಿದರೂ ರುಚಿಸುವುದಿಲ್ಲ. ತಲೆ ಮೇಲಿನ ಫ್ಯಾನ್ ಸಾಲದು. ಟೇಬಲ್ ಫ್ಯಾನನ್ನು ಎದುರಿಗಿಟ್ಟು ಎದೆಗೂ ಮುಖಕ್ಕೂ ಗಾಳಿ ಬಡಿಯುವಂತೆ ಮಾಡಿ. ಹ್ಯಾಂಡಲ್ ಮೇಲೊಂದು ಟವೆಲ್, ಕೈಗೆಟುಕುವಲ್ಲಿ ನೀರು ಇರಲಿ.

ಆಮೇಲೆ ಸೀಟು. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾದರೆ ಎತ್ತರ ಸರಿಯಿದೆ. ಮುಂಗಾಲಲ್ಲಿ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅಷ್ಟು ಸಾಕು. ರಸ್ತೆಯಲ್ಲಿ ನಮಗೇ ಗೊತ್ತಿಲ್ಲದೆ ಆಗಾಗ ಸೀಟಿನಿಂದ ಏಳುತ್ತೇವೆ, ಇಳಿಜಾರಿನಲ್ಲಿ ಕಾಲು ನಿಲ್ಲಿಸುತ್ತೇವೆ. ಇಲ್ಲಿ ಸೈಕಲ್ ಅಲುಗಾಡುವುದೂ ಇಲ್ಲ. ಹಾಗಾಗಿ ಐದೆಂಟು ನಿಮಿಷಕ್ಕೊಮ್ಮೆ ನೆನಪಿಟ್ಟು, ಒಂದಿಪ್ಪತ್ತು ಸೆಕೆಂಡ್ ಎದ್ದು ನಿಂತು ತುಳಿಯಿರಿ.

2. ಹೊತ್ತನ್ನು ತುಂಡು ಮಾಡಿ

ನಲವತ್ತು ನಿಮಿಷ ಒಂದೇ ಸಮ ತುಳಿಯಬೇಕು ಅಂದರೆ ಯಾರಿಗಾದರೂ ಸಾಕಪ್ಪಾ ಅನಿಸುತ್ತದೆ, ಅಲ್ವಾ? ಅದನ್ನೇ ಹೀಗೆ ಹಂಚಿ: ಎಂಟು ನಿಮಿಷ ವಾರ್ಮ್ ಅಪ್. ಆಮೇಲೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಕೊನೆಗೆ ನಾಲ್ಕು ನಿಮಿಷ ಕೂಲ್ ಡೌನ್. ಒಟ್ಟು ನಲವತ್ತೇ. ಆದರೆ ಈಗ ನೀವು ಕಾಯುವುದು ನಲವತ್ತನೇ ನಿಮಿಷಕ್ಕಲ್ಲ, ಮುಂದಿನ ಮೂರು ನಿಮಿಷದ ಬಿಡುವಿಗೆ. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿ. ಒಟ್ಟು ಸಮಯ ತೋರಿಸುವ ಮೂಲೆಯನ್ನು ಅದೇ ಚೀಟಿಯಿಂದ ಮುಚ್ಚಿದರೆ ಇನ್ನೂ ಒಳ್ಳೆಯದು.

ಟಬಾಟಾ ಹೆಸರು ಕೇಳಿರುತ್ತೀರಿ: 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು. ಜಪಾನಿನ ಇಜುಮಿ ಟಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಅದೂ ನಿಂತ ಸೈಕಲ್ ಮೇಲೇ ನಡೆದದ್ದು. ಆದರೆ ಅದರಲ್ಲಿ ತುಳಿದವರು ಏಳೆಂಟು ಸುತ್ತಿಗೇ ಪೂರ್ತಿ ಸುಸ್ತಾಗುತ್ತಿದ್ದರು. ಈಗ ತಾನೇ ಶುರು ಮಾಡಿದವರು ಸುಮ್ನೆ ಅದಕ್ಕೆ ಕೈ ಹಾಕಬೇಡಿ. ಹೃದಯದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಬೇಡವೇ ಬೇಡ.

3. ಉಸಿರು ನೋಡಿಕೊಂಡು ಮನರಂಜನೆ ಆರಿಸಿ

ಬಹಳ ಜನ ಎಡವುವುದು ಇಲ್ಲೇ.

ಪೂರ್ತಿ ವಾಕ್ಯ ಆಡುವಷ್ಟು ಉಸಿರಿದ್ದರೆ ಅದು ಹಗುರ ತುಳಿತ. ಆಗ ಸಿನಿಮಾ, ಸೀರೀಸ್, ಪಾಡ್‌ಕಾಸ್ಟ್ ಏನಾದರೂ ನಡೆಯುತ್ತದೆ. ಪರದೆ ಕಣ್ಣಿನ ಮಟ್ಟದಲ್ಲಿರಲಿ, ಕುತ್ತಿಗೆ ಬಗ್ಗಿಸಿ ಫೋನ್ ನೋಡುತ್ತಾ ತುಳಿದರೆ ಮಾರನೇ ದಿನ ಗೊತ್ತಾಗುತ್ತದೆ. ಫ್ಯಾನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಇಯರ್‌ಫೋನ್ ಬೇಕು. ಸಬ್‌ಟೈಟಲ್ ಓದಲೇಬೇಕಾದ ಸಿನಿಮಾ ಬೇಡ. ಕಣ್ಣಿಗೆ ಬೆವರು ಇಳಿಯುತ್ತಿರುವಾಗ ಅದು ಶಿಕ್ಷೆ. ಮಧ್ಯೆ ಜಾಹೀರಾತು ಬಂದರೆ ಬೈಯಬೇಡಿ, ಅದು ಮುಗಿಯುವವರೆಗೆ ರೆಸಿಸ್ಟೆನ್ಸ್, ಅಂದರೆ ಪೆಡಲ್‌ನ ಬಿಗಿ, ಒಂದು ಮೆಟ್ಟಿಲು ಏರಿಸಿ.

ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಕಥೆ ತಲೆಗೆ ಹತ್ತುವುದಿಲ್ಲ. ಅದು ಹಾಡಿನ ಹೊತ್ತು. ವ್ಯಾಯಾಮ ಮತ್ತು ಸಂಗೀತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿರುವ ಕೋಸ್ಟಾಸ್ ಕರಾಜಾರ್ಜಿಸ್ ಅವರಂಥ ಸಂಶೋಧಕರು ಕಂಡುಕೊಂಡದ್ದು ಇದು: ಹಗುರ ಮತ್ತು ಮಧ್ಯಮ ಶ್ರಮದಲ್ಲಿ ಹಾಡು ಆಯಾಸದ ಅನುಭವವನ್ನೇ ತಗ್ಗಿಸುತ್ತದೆ. ಬೀಟ್ ಕಾಲಿಗೆ ಹೊಂದಿದರೆ ಇನ್ನೂ ಚೆನ್ನ. ಲೆಕ್ಕ ಸುಲಭ. ನಿಮಿಷಕ್ಕೆ 85 ಸುತ್ತು ತುಳಿಯುವವರಿಗೆ 170 ಬೀಟ್‌ನ ಹಾಡು ಸರಿ, ಎಡ ಬಲ ಎರಡೂ ಕಾಲಿಗೆ ಒಂದೊಂದು ಬೀಟ್ ಸಿಗುತ್ತದೆ. 85 ಬೀಟ್‌ನದ್ದಾದರೆ ಒಂದೇ ಕಾಲಿಗೆ. ನಿಮಗೆ ತುಂಬಾ ಇಷ್ಟವಾದ ಹಾಡನ್ನು ಮೊದಲೇ ಖರ್ಚು ಮಾಡಬೇಡಿ, ಕೊನೆಯ ಜೋರು ಸುತ್ತಿಗೆ ಎತ್ತಿಡಿ.

ಮಾತೇ ಹೊರಡದಷ್ಟು ಜೋರಾದಾಗ ಹಾಡಿನ ಪ್ರಭಾವವೂ ಕಡಿಮೆಯಾಗುತ್ತದೆ. ಮೈಯ ಕೂಗು ಅಷ್ಟು ದೊಡ್ಡದು. ಆಗ ಉಳಿಯುವುದು ಎಣಿಕೆ. ಬಲಗಾಲು ಕೆಳಗೆ ಹೋದಾಗಲೆಲ್ಲ ಒಂದು. ಹತ್ತಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ. ನಿಮಿಷಕ್ಕೆ 90 ಸುತ್ತು ತುಳಿದರೆ ಅಂಥ ಒಂಬತ್ತು ಹತ್ತುಗಳಿಗೆ ನಿಮಿಷ ಮುಗಿಯಿತು.

4. ಸೀರೀಸನ್ನು ಸೈಕಲ್‌ಗೆ ಕಟ್ಟಿಹಾಕಿ

ನೋಡಲೇಬೇಕು ಅನಿಸುವ ಒಂದು ಸೀರೀಸನ್ನು ಸೈಕಲ್ ಮೇಲೆ ಮಾತ್ರ ನೋಡುವುದು, ಸೋಫಾದಲ್ಲಿ ಕೂಡದು. ಅಮೆರಿಕದ ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಸಂಗಡಿಗರು ಇಂಥದ್ದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕುತೂಹಲ ಹಿಡಿದಿಡುವ ಆಡಿಯೋ ಪುಸ್ತಕಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟಾಗ, ಆ ಗುಂಪಿನವರು ಶುರುವಿನಲ್ಲಿ ಉಳಿದವರಿಗಿಂತ ಶೇ 51ರಷ್ಟು ಜಾಸ್ತಿ ಸಲ ಜಿಮ್‌ಗೆ ಬಂದರು. ಆದರೆ ಮಧ್ಯೆ ರಜೆ ಬಂದು ಹೋದ ಮೇಲೆ ಆ ಉತ್ಸಾಹ ಇಳಿಯಿತು. ನನಗೆ ಮುಖ್ಯ ಅನಿಸುವುದು ಈ ಎರಡನೇ ಭಾಗವೇ. ಊರಿಗೆ ಹೋಗಿ ಬಂದ ಮೇಲೆ, ಜ್ವರ ಬಿಟ್ಟ ಮೇಲೆ, ಹಳೇ ಸೀರೀಸಿನ ಎಳೆ ಹಿಡಿಯಲು ಹೋಗದೆ ಹೊಸದೊಂದನ್ನು ಶುರು ಮಾಡಿ. ಕಂತು ಮುಗಿಯುವ ಮೊದಲೇ ಕೂಲ್ ಡೌನ್ ಮುಗಿದರೆ ಅಲ್ಲಿಗೇ ನಿಲ್ಲಿಸಿ. ಮಿಕ್ಕಿದ್ದು ನಾಳೆಗೆ.

5. ಜೊತೆ ಬೇಕಾದರೆ ಪರದೆಯೊಳಗಿನ ರಸ್ತೆ

ಸ್ಮಾರ್ಟ್ ಟ್ರೇನರ್ (ನಿಮ್ಮ ಸೈಕಲನ್ನು ಕೂರಿಸಿ ಆ್ಯಪ್‌ಗೆ ಜೋಡಿಸುವ ಸಾಧನ) ಇದ್ದರೆ ಜ್ವಿಫ್ಟ್, ರೂವಿಯಂಥ ಆ್ಯಪ್‌ಗಳಿವೆ. ಪರದೆಯಲ್ಲಿ ಏರು ಬಂದರೆ ಪೆಡಲ್ ತಾನಾಗಿ ಬಿಗಿಯಾಗುತ್ತದೆ. ಜ್ವಿಫ್ಟ್‌ನ ಆಲ್ಪ್ ಡು ಜ್ವಿಫ್ಟ್ ಅನ್ನುವ ಏರು ಫ್ರಾನ್ಸಿನ ಆಲ್ಪ್ ದ್ಯುಯೆಜ್ ರಸ್ತೆಯ ಅಚ್ಚು. ಸುಮಾರು 12 ಕಿಲೋಮೀಟರಿನಲ್ಲಿ 1,000 ಮೀಟರಿಗೂ ಜಾಸ್ತಿ ಏರು, 21 ತಿರುವು. ತಿರುವಿಗೊಂದು ಗುರಿ ಸಿಕ್ಕಿತಲ್ಲ! 2020ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ತನ್ನ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದೂ ಜ್ವಿಫ್ಟ್‌ನಲ್ಲೇ.

ಒಂದು ಅಪಾಯ ಇದೆ. ಹಗುರವಾಗಿ ತುಳಿಯಬೇಕಾದ ದಿನ ಯಾರೋ ಪಕ್ಕದಲ್ಲಿ ಹಾದುಹೋದರೆ ಕಾಲು ಸುಮ್ಮನಿರುವುದಿಲ್ಲ. ಅಂಥ ದಿನ ಆ್ಯಪ್ ಮುಚ್ಚಿ ಸೀರೀಸ್ ಹಾಕಿ. ಸ್ಮಾರ್ಟ್ ಟ್ರೇನರ್ ಇಲ್ಲದಿದ್ದರೂ ಚಿಂತೆ ಇಲ್ಲ. ಗೆಳೆಯರೊಬ್ಬರು ತಮ್ಮ ಮನೆಯಲ್ಲಿ ತುಳಿಯುತ್ತಾ ವೀಡಿಯೋ ಕಾಲ್‌ನಲ್ಲಿದ್ದರೆ ಸಾಕು. ಹರಟೆ ನಡೆಯುತ್ತಿದ್ದರೆ ವೇಗ ಹಗುರದಲ್ಲೇ ಇದೆ ಎಂದೂ ತಿಳಿಯುತ್ತದೆ.

6. ಮನಸ್ಸೇ ಇಲ್ಲದ ದಿನ

ಬಟ್ಟೆ, ಶೂ, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಸೈಕಲ್ ಪಕ್ಕ ಇರಲಿ. ಹತ್ತು ನಿಮಿಷ ಮಾತ್ರ ಅಂತ ಹತ್ತಿ. ಬಹಳ ಸಲ ಹತ್ತು ಮೂವತ್ತಾಗುತ್ತದೆ. ಹತ್ತು ನಿಮಿಷದ ಮೇಲೂ ಕಾಲು ಭಾರ ಅನಿಸಿದರೆ ಇಳಿದುಬಿಡಿ. ದಿನಾಂಕದ ಮುಂದೆ ಹತ್ತು ಅಂತಲೇ ಬರೆಯಿರಿ. ಸಾಲಾಗಿ ಮೂರ್ನಾಲ್ಕು ದಿನ ಹೀಗೇ ಆದರೆ ಅದು ಸೋಮಾರಿತನ ಅಲ್ಲ, ಜೋರಿನ ದಿನ ಜಾಸ್ತಿಯಾಗಿರಬಹುದು. ವಾರಕ್ಕೆ ಎರಡಕ್ಕಿಳಿಸಿ, ಮಿಕ್ಕ ದಿನ ಹಗುರ ತುಳಿತ ಇರಲಿ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಮಾತ್ರ ಯಾವ ಲೆಕ್ಕವನ್ನೂ ನೋಡದೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ.