ಕರೆಂಟ್ ಹೋದ ರಾತ್ರಿಗೆ ಒಂದು ಪುಟ್ಟ ಸೋಲಾರ್ ಸೆಟಪ್

ಸೋಲಾರ್ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ವ್ಯಾಟ್ ಪ್ಯಾನೆಲ್ ಹಾಕಬೇಕು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕರೆಂಟ್ ಇಲ್ಲದ ಒಂದು ರಾತ್ರಿ ಏನೇನು ಓಡಲೇಬೇಕು, ಎಷ್ಟು ಹೊತ್ತು ಓಡಬೇಕು ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಅದರಿಂದ ಬ್ಯಾಟರಿ ಲೆಕ್ಕ ಸಿಗುತ್ತದೆ, ಬ್ಯಾಟರಿಯಿಂದ ಪ್ಯಾನೆಲ್ ಲೆಕ್ಕ ತಾನಾಗಿಯೇ ಬರುತ್ತದೆ.

"ಚಾವಣಿ ಮೇಲೆ ಆಗಲೇ ಸೋಲಾರ್ ಇದೆಯಲ್ಲ, ಇನ್ನೇನು ಬೇಕು?" ಅನ್ನುವವರಿಗೆ ಒಂದು ಮಾತು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ (ಹೊರಗಿನ ಕರೆಂಟ್ ಲೈನಿಗೆ) ಜೋಡಿಸಿದ ಮಾಮೂಲಿ ಸಿಸ್ಟಮ್, ಲೈನ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ, ಸುಡುಬಿಸಿಲಿದ್ದರೂ ಅಷ್ಟೇ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುತ್ತಾರೆ.

ಈಗ ಲೆಕ್ಕ. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬ್ 5 ಗಂಟೆ ಉರಿದರೆ 90 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು). 10 ವ್ಯಾಟ್‌ನ ರೂಟರ್ 10 ಗಂಟೆಗೆ 100. ಎರಡು ಫೋನ್ ಚಾರ್ಜ್ ಮಾಡಲು ಸುಮಾರು 50. 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಬಗೆಯ ಮೋಟರಿನ) ಫ್ಯಾನ್ 8 ಗಂಟೆಗೆ 240. ಒಟ್ಟು 480. ಇಲ್ಲಿ ಫ್ಯಾನನ್ನೇ ನೋಡಿ: ಹಳೆಯ ಸೀಲಿಂಗ್ ಫ್ಯಾನ್ ಆಗಿದ್ದರೆ 75 ವ್ಯಾಟ್ ಎಳೆಯುತ್ತದೆ, ಅಂದರೆ ಅದೊಂದಕ್ಕೇ 600. ಬ್ಯಾಟರಿ ದೊಡ್ಡದು ಮಾಡುವ ಮುಂಚೆ ಫ್ಯಾನ್ ಬದಲಾಯಿಸುವುದು ಎಷ್ಟೋ ಮೇಲು, ಅಲ್ವಾ? ಗೀಸರ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಇವನ್ನೆಲ್ಲ ಈ ಪಟ್ಟಿಗೆ ಸೇರಿಸಲೇಬೇಡಿ. ಫ್ರಿಜ್ ಕೂಡ ಬೇಡ, ಅದರ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಆ 480ರ ಮೇಲೆ ಇನ್ನೊಂದು ಖರ್ಚಿದೆ, ಜನ ಇದನ್ನೇ ಮರೆಯುವುದು. ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಕರೆಂಟ್ ಮಾಡಿ ಕೊಡುವ ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಿನ್ನುತ್ತದೆ. ಸಣ್ಣ ಇನ್ವರ್ಟರ್ ಕೂಡ 5ರಿಂದ 15 ವ್ಯಾಟ್ ನುಂಗಬಹುದು, ರಾತ್ರಿಯಿಡೀ ಬಿಟ್ಟರೆ 100 ವ್ಯಾಟ್-ಅವರ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನನ್ನ ಸಲಹೆ: ದೀಪ, ಫೋನ್ ಚಾರ್ಜಿಂಗ್ ಎರಡನ್ನೂ 12 ವೋಲ್ಟ್ ಡಿಸಿಯಲ್ಲೇ ನಡೆಸಿ. 12 ವೋಲ್ಟ್ ಬಲ್ಬ್, ಯುಎಸ್‌ಬಿ ಸಾಕೆಟ್ ಎರಡೂ ಸಿಗುತ್ತವೆ. ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ ಅದಕ್ಕೂ ಇನ್ವರ್ಟರ್ ಬೇಕಿಲ್ಲ. ಆದರೆ ಬ್ಯಾಟರಿ ವೋಲ್ಟೇಜ್ ಚಾರ್ಜ್ ಆಗುವಾಗ 14ರ ಮೇಲೆ ಹೋಗುತ್ತದೆ, ಹಾಗಾಗಿ ನಡುವೆ 12 ವೋಲ್ಟ್‌ಗೆ ಸ್ಥಿರವಾಗಿಡುವ ಒಂದು ಸಣ್ಣ ಕನ್ವರ್ಟರ್ ಹಾಕಿ. ಎಲ್ಲವನ್ನೂ ಇನ್ವರ್ಟರ್‌ನಲ್ಲೇ ಓಡಿಸುತ್ತೇನೆ ಅಂದರೆ ರಾತ್ರಿಗೆ 600 ವ್ಯಾಟ್-ಅವರ್ ಅಂತ ಇಟ್ಟುಕೊಳ್ಳಿ.

ಬ್ಯಾಟರಿಗೆ ಬರೋಣ. 12 ವೋಲ್ಟ್, 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12ನ್ನು 100ರಿಂದ ಗುಣಿಸಿದರೆ 1200 ವ್ಯಾಟ್-ಅವರ್ ಇದೆ ಅಂತ ಲೆಕ್ಕ. ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಅಂದರೆ ಕೈಗೆ ಸಿಗುವುದು 600, ಒಂದು ರಾತ್ರಿಗೆ ಸರಿಯಾಯಿತು. ಅಷ್ಟೇ ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್‌ನದು, ಒಟ್ಟು 1280. ಅದರಲ್ಲಿ ನೂರಕ್ಕೆ 80 ಭಾಗ ಧಾರಾಳವಾಗಿ ಬಳಸಬಹುದು, ಸಾವಿರ ಸಿಕ್ಕಿತು. ಮೋಡ ಕವಿದ ಮರುದಿನಕ್ಕೂ ಸ್ವಲ್ಪ ಉಳಿಯುತ್ತದೆ. ತೂಕ ಕಡಿಮೆ, ಬಾಳಿಕೆ ಹೆಚ್ಚು, ದುಡ್ಡು ಮೊದಲಿಗೆ ಜಾಸ್ತಿ. ನಾನಾದರೆ ಲಿಥಿಯಂ ಅನ್ನೇ ಹಾಕುತ್ತೇನೆ. ಒಂದೇ ಎಚ್ಚರಿಕೆ, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಲೆಡ್ ಆಸಿಡ್ ಆದರೆ ಗಾಳಿಯಾಡುವ ಜಾಗದಲ್ಲೇ ಇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ.

ಪ್ಯಾನೆಲ್ ಮೇಲೆ 100 ವ್ಯಾಟ್ ಅಂತ ಬರೆದಿರುವುದು ಪ್ರಯೋಗಾಲಯದ ಬಿಸಿಲಿಗೆ, 25 ಡಿಗ್ರಿ ಬಿಸಿಯ ಸೆಲ್‌ಗೆ. ನಿಜವಾದ ಬಿಸಿಲಲ್ಲಿ ಪ್ಯಾನೆಲ್ ಕಾದು 70-75 ಸಿಕ್ಕರೆ ಒಳ್ಳೆಯದೇ. ದಿನಕ್ಕೆ 4 ಗಂಟೆಯಷ್ಟು ಗಟ್ಟಿ ಬಿಸಿಲು ಅಂತ ಹಿಡಿದರೆ, 600 ತುಂಬಿಸಲು 215 ವ್ಯಾಟ್‌ನಷ್ಟು ಬೇಕು. 250 ಹಾಕಿ. ನೆರಳಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ, ಒಂದು ಮೂಲೆಯ ಮೇಲೆ ಟೊಂಗೆಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಇಳಿಯುತ್ತದೆ.

ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಕೂತು ಚಾರ್ಜಿಂಗ್ ಹದದಲ್ಲಿಡುವ ಚಾರ್ಜ್ ಕಂಟ್ರೋಲರ್‌ನಲ್ಲಿ ಎರಡು ಬಗೆ. ಪಿಡಬ್ಲ್ಯೂಎಂ ಅಗ್ಗ, ಆದರೆ ಪ್ಯಾನೆಲ್‌ನ 18 ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ತರುತ್ತದೆ, ನಡುವಿನದು ನಷ್ಟ. ಎಂಪಿಪಿಟಿ ಆ ವೋಲ್ಟೇಜನ್ನು ಕರೆಂಟ್ ಆಗಿ ಬದಲಿಸಿ ಕೊಡುತ್ತದೆ. 250 ವ್ಯಾಟ್‌ಗೆ 30 ಆಂಪಿಯರ್‌ನ ಎಂಪಿಪಿಟಿ ಸಾಕು. ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿದ್ದಾಗ ಬರುವ ವೋಲ್ಟೇಜ್) ಕಂಟ್ರೋಲರ್‌ನ ಮಿತಿಯೊಳಗಿದೆಯೇ ನೋಡಿ, ಚಳಿಯಲ್ಲಿ ಆ ವೋಲ್ಟೇಜ್ ಇನ್ನೂ ಏರುತ್ತದೆ.

ಇನ್ವರ್ಟರ್ 300 ವ್ಯಾಟ್, ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂತೆಯೇ ನಯವಾದ ಅಲೆಯ ಎಸಿ ಕೊಡುವಂಥದ್ದು). ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ, ಕಂಟ್ರೋಲರ್‌ನ ಲೋಡ್ ಟರ್ಮಿನಲ್‌ಗೆ ಅಲ್ಲ. ಪೂರ್ತಿ ಲೋಡ್‌ನಲ್ಲಿ 30 ಆಂಪಿಯರ್ ಹರಿಯುತ್ತದೆ, ಹಾಗಾಗಿ ಒಂದು ಮೀಟರ್ ಮೀರದ 10 ಚದರ ಮಿಲಿಮೀಟರ್ ತಾಮ್ರದ ವೈರ್, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 40 ಆಂಪಿಯರ್ ಫ್ಯೂಸ್. ಕಂಟ್ರೋಲರ್ ವೈರಿಗೆ, ಡಿಸಿ ದೀಪದ ವೈರಿಗೆ ಬೇರೆ ಬೇರೆ ಫ್ಯೂಸ್. ಮನೆಯ ಎಸಿ ಎಂಸಿಬಿಯನ್ನು (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಡಿಸಿಗೆ ಹಾಕಬೇಡಿ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುವುದರಿಂದ ಕಿಡಿ ಆರುತ್ತದೆ, ಡಿಸಿ ಕಿಡಿ ಹಾಗೆ ಆರುವುದಿಲ್ಲ.

ಅವಘಡ ಆಗುವುದು ಹೆಚ್ಚಾಗಿ ಜಾಯಿಂಟಿನಲ್ಲಿ. ವೈರಿನ ಎಳೆಗಳನ್ನು ಹೊಸೆದು ಸ್ಕ್ರೂ ಕೆಳಗೆ ತುರುಕಿದರೆ, ನಾಲ್ಕು ಎಳೆ ಹೊರಗೆ ಇಣುಕುತ್ತವೆ, ಉಳಿದವು ಸಡಿಲವಾಗಿ ಬಿಸಿಯಾಗುತ್ತವೆ. ವೈರಿನ ತುದಿಗೆ ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ, ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜದೆ ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿ, ಜಗ್ಗಿ ನೋಡಿ. ಅರ್ಧ ಗಂಟೆ ಲೋಡ್ ಓಡಿಸಿದ ಮೇಲೆ ಎಲ್ಲ ಆಫ್ ಮಾಡಿ ಒಂದೊಂದೇ ಲಗ್ ಮುಟ್ಟಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಅದನ್ನು ಬಿಚ್ಚಿ ಮತ್ತೆ ಮಾಡಿ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಕೊಡಿ, ಅದರಲ್ಲಿ ಬ್ಯಾಟರಿ ಬಗೆ ಸೆಟ್ ಮಾಡಿ, ಆಮೇಲೆ ಬಟ್ಟೆ ಮುಚ್ಚಿದ ಪ್ಯಾನೆಲ್. ಬಿಚ್ಚುವಾಗ ಉಲ್ಟಾ, ಪ್ಯಾನೆಲ್ ಮೊದಲು. ಪ್ಲಸ್ ಮೈನಸ್ ಮಲ್ಟಿಮೀಟರಿನಲ್ಲಿ ನೋಡದೆ ಯಾವುದನ್ನೂ ಜೋಡಿಸಬೇಡಿ, ವೈರಿನ ಬಣ್ಣ ನಂಬಬೇಡಿ.

ಇನ್ವರ್ಟರ್ ಔಟ್‌ಪುಟ್ ಅನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕೊಡುವ ಐಡಿಯಾ ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದು ಲೈನಿಗೆ ವಾಪಸ್ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ, ಕಂಬದ ಮೇಲಿರುವವರ ಜೀವ ತೆಗೆಯಬಹುದು. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು.

ತಿಂಗಳಿಗೊಮ್ಮೆ ಬೇಕಂತಲೇ ಒಂದು ಸಂಜೆ ಮೇನ್ ಆಫ್ ಮಾಡಿ ಇದರಲ್ಲೇ ಕಾಲ ಕಳೆಯಿರಿ. ಲಿಥಿಯಂ ಬ್ಯಾಟರಿ ಬಹುಪಾಲು ಖಾಲಿಯಾಗುವ ತನಕ ವೋಲ್ಟೇಜ್ ಹೆಚ್ಚು ಕಮ್ಮಿ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದನ್ನು ನೋಡಿ ಎಷ್ಟು ಉಳಿದಿದೆ ಅಂತ ಊಹಿಸಲಾಗದು, ಶಂಟ್ ಇರುವ ಮೀಟರ್ (ಬ್ಯಾಟರಿಗೆ ಬಂದ, ಹೋದ ಕರೆಂಟನ್ನು ಎಣಿಸುವಂಥದ್ದು) ಹಾಕಿ. ಲೆಕ್ಕಕ್ಕಿಂತ ಬೇಗ ಖಾಲಿಯಾದರೆ ಬ್ಯಾಟರಿಯನ್ನು ಬೈಯುವ ಮುಂಚೆ, ಇನ್ವರ್ಟರ್ ಹಗಲೆಲ್ಲ ಆನ್ ಇತ್ತಾ, ಪ್ಯಾನೆಲ್ ಮೇಲೆ ಧೂಳು ಕೂತಿದೆಯಾ ನೋಡಿ.