ಮಾತು ಮೊದಲು, ಬೇಸ್ ಆಮೇಲೆ: ಮಲೆನಾಡಿನ ಮನೆಗೆ ಸ್ಪೀಕರ್ ಕೂರಿಸುವ ಕ್ರಮ

ಸಾಗರ, ಹೊಸನಗರ, ಸಿದ್ದಾಪುರದ ಕಡೆ ಮನೆಗಳಿಗೆ ಹೋಗಿ ಟಿವಿ, ಆಂಪ್ಲಿಫೈಯರ್, ಸ್ಪೀಕರ್ ಜೋಡಿಸಿಕೊಡುವುದು ನನ್ನ ಕಸುಬು. ಫೋನ್ ಮಾಡಿದವರು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ: "ಎಷ್ಟು ವ್ಯಾಟಿಂದು ತಗೊಳ್ಳೋದು?" ನಾನು ತಿರುಗಿ ಕೇಳುವುದು ಬೇರೆ. ಎಲ್ಲಿ ಕೂತು ಕೇಳುತ್ತೀರಿ? ಏನು ಕೇಳುತ್ತೀರಿ? ಮನೆ ಹೆಂಚಿನದೋ, ತಾರಸಿಯದೋ?

ವ್ಯಾಟ್ ವಿಷಯ ಮೊದಲು ಮುಗಿಸಿಬಿಡೋಣ. ಪೆಟ್ಟಿಗೆ ಮೇಲೆ ಪಿಎಂಪಿಒ ಅಂತ ಬರೆದ ಸಾವಿರಗಟ್ಟಲೆ ವ್ಯಾಟನ್ನು ನೋಡಲೇಬೇಡಿ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಅಂತ ನೋಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಮಾಮೂಲಿ ಸ್ಪೀಕರ್ 1 ವ್ಯಾಟಿಗೇ 1 ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಕೊಡುತ್ತದೆ. ನಾವು ಮಾತಾಡುವುದು 60ರ ಆಸುಪಾಸು. 12 ಅಡಿಗೆ 14 ಅಡಿಯ ಹಾಲ್‌ಗೆ ಒಂದೊಂದು ಸ್ಪೀಕರಿಗೆ 40, 50 ವ್ಯಾಟ್ ಇದ್ದರೆ ಧಾರಾಳ. ಉಳಿದ ದುಡ್ಡು ಒಳ್ಳೆಯ ಸ್ಪೀಕರಿಗೆ ಹಾಕಿ.

ಇನ್ನು ಕೇಳುವ ವಿಷಯ. ಅಂಗಡಿಯಲ್ಲಿ ಸ್ಪೀಕರ್ ತೋರಿಸುವಾಗ ಧಡ್ ಧಡ್ ಅನ್ನುವ ಹಾಡು ಹಾಕುತ್ತಾರೆ. ಎಂಥ ಡಬ್ಬ ಸ್ಪೀಕರ್ ಆದರೂ ಆ ಹಾಡಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ನಾನು ಪರೀಕ್ಷೆಗೆ ಹಾಕುವುದು ತಾಳಮದ್ದಳೆ, ಅಂದರೆ ಕೂತಲ್ಲೇ ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ, ಎಲ್ಲವೂ ಮಾತಿನ ಮೇಲೆ ನಿಂತದ್ದು. ಪಾತ್ರದ ಮಾತಾಡುವ ಅರ್ಥಧಾರಿ ದನಿ ತಗ್ಗಿಸಿ ಒಂದು ಮಾತು ಹೇಳಿದರೆ ಅದು ಕೊನೆಯ ಅಕ್ಷರದವರೆಗೂ ತಿಳಿಯಬೇಕು. ಭಾಗವತರ ಪದ, ಮದ್ದಳೆ, ಶ್ರುತಿ ಬೇರೆಬೇರೆಯಾಗಿ ಕೇಳಬೇಕು. ಆಮೇಲೆ ಯಕ್ಷಗಾನದ ಚಂಡೆ ಹಾಕುತ್ತೇನೆ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬರಬೇಕು, ಕಲಸಿಹೋಗಬಾರದು. ಇಷ್ಟು ಸರಿಯಾದರೆ ಸಿನಿಮಾ, ಧಾರಾವಾಹಿ, ಕ್ರಿಕೆಟ್ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ಮನೆಯಲ್ಲಿ ಜಗಳ ಬರುವುದು ಬೇಸ್ ಸಾಲದೆ ಅಲ್ಲ. "ಎಂತ ಹೇಳಿದ ಅವ, ಗೊತ್ತಾಗ್ಲೇ ಇಲ್ಲ, ಸೌಂಡ್ ಜಾಸ್ತಿ ಮಾಡು" ಅನ್ನುವುದರಿಂದ, ಅಲ್ವಾ?

ಸ್ಪೀಕರ್ ಇಡುವ ಜಾಗ

ಹೊಸ ಮನೆಗಳಲ್ಲಿ ಬಡಗಿಯವರು ಟಿವಿ ಯೂನಿಟ್ ಮಾಡುವಾಗಲೇ ಎರಡು ಕಡೆ ಗೂಡು ಬಿಟ್ಟಿರುತ್ತಾರೆ. ನೋಡಲು ಚೆಂದ. ಸ್ಪೀಕರಿಗೆ ಮಾತ್ರ ಅದು ಕೆಟ್ಟ ಜಾಗ. ಗೂಡಿನ ಒಳಗೆ ಕೂತ ಸ್ಪೀಕರ್ ಗುಂಯ್‌ಗುಡುತ್ತದೆ, ಗಂಡಸರ ದನಿ ಮೂಗು ಕಟ್ಟಿದವರ ಹಾಗೆ ಬರುತ್ತದೆ. ಗೂಡು ಬಿಟ್ಟರೆ ಬೇರೆ ಜಾಗವೇ ಇಲ್ಲ ಅಂದರೆ ಸ್ಪೀಕರನ್ನು ಅಂಚಿನವರೆಗೆ ಮುಂದಕ್ಕೆ ತನ್ನಿ. ಅದರ ಮುಂದೆ ಒಂದಿಷ್ಟೂ ಹಲಗೆ ಉಳಿಯಬಾರದು. ಹಿಂದಿನ ಖಾಲಿ ಜಾಗಕ್ಕೆ ಹಳೇ ಬಟ್ಟೆಯ ಗಂಟು ತುಂಬಿ. ಸ್ಪೀಕರಿನ ಹಿಂಬದಿ ತೂತು ಇದ್ದರೆ ಅದು ಮುಚ್ಚದ ಹಾಗೆ ನೋಡಿಕೊಳ್ಳಿ.

ಜಾಗ ಇದ್ದರೆ ಹೀಗೆ ಮಾಡಿ. ಟೇಪ್ ಹಿಡಿದು ಎರಡು ಸ್ಪೀಕರಿನ ನಡುವೆ 6, 7 ಅಡಿ ಬಿಡಿ. ನೀವು ಕೂರುವ ಜಾಗ ಎರಡರಿಂದಲೂ ಅಷ್ಟೇ ದೂರ ಇರಲಿ, ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ. ಹಿಂದಿನ ಗೋಡೆಯಿಂದ ಒಂದು ಅಡಿಯಾದರೂ ಮುಂದೆ ಬರಲಿ. ಮೂಲೆಗೆ ಒತ್ತಿದರೆ ಬೇಸ್ ಏರಿ ಮಾತನ್ನು ನುಂಗುತ್ತದೆ. ಎರಡನ್ನೂ ಸ್ವಲ್ಪ ಒಳಮುಖವಾಗಿ, ನಿಮ್ಮ ಹೆಗಲ ಕಡೆಗೆ ತಿರುಗಿಸಿ.

ಎತ್ತರದ ಲೆಕ್ಕ ಬಹಳ ಮುಖ್ಯ. ಸ್ಪೀಕರಿನಲ್ಲಿ ಮೇಲಿರುವ ಪುಟ್ಟ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂರುವವರಿಗೆ ಅದು ನೆಲದಿಂದ 3 ಅಡಿಯ ಆಸುಪಾಸು. ನಮ್ಮ ಕಡೆ ಜಗುಲಿಯಲ್ಲಿ ಚಾಪೆ ಹಾಕಿ ಗೋಡೆಗೆ ಒರಗಿ ಕೂರುವವರೇ ಜಾಸ್ತಿ. ಅವರ ಕಿವಿ ಎರಡೂವರೆ ಅಡಿಯಲ್ಲಿರುತ್ತದೆ. ಆಗ ಸ್ಟ್ಯಾಂಡ್ ತಗ್ಗಿಸಿ, ಇಲ್ಲವೇ ಸ್ಪೀಕರಿನ ಹಿಂಭಾಗಕ್ಕೆ ಒಂದು ರಬ್ಬರ್ ತುಂಡು ಕೊಟ್ಟು ಮುಂದಕ್ಕೆ ಬಾಗಿಸಿ. ಬಾಗಿಲ ಮೇಲೆ, ಸೂರಿನ ಹತ್ತಿರ ಮೊಳೆ ಹೊಡೆದು ನೇತುಹಾಕುವುದು ಬಸ್‌ ಸ್ಟ್ಯಾಂಡಿನ ಅನೌನ್ಸ್‌ಮೆಂಟಿಗೆ ಸರಿ.

ಈಗ ತಾಳಮದ್ದಳೆ ಹಾಕಿ ನಡುವೆ ಕೂತುಕೊಳ್ಳಿ. ದನಿ ಎರಡು ಸ್ಪೀಕರಿನ ಮಧ್ಯದ ಖಾಲಿ ಜಾಗದಿಂದ ಬರಬೇಕು. ಹಾಗಾಗದೆ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ, ಬೇಸೂ ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು–ಕಪ್ಪು ವೈರ್ ಅದಲುಬದಲಾಗಿದೆ. ಹಳೇ ಸ್ಪೀಕರಿನಲ್ಲಿ ಬಣ್ಣ ಅಳಿಸಿಹೋಗಿದ್ದರೆ ಪತ್ತೆ ಮಾಡುವ ದಾರಿ ಸುಲಭ. ಆಂಪ್ಲಿಫೈಯರಿನಿಂದ ವೈರ್ ಬಿಚ್ಚಿ, ಅದರ ತುದಿಗಳನ್ನು ಒಂದೂವರೆ ವೋಲ್ಟಿನ ಪೆನ್ ಸೆಲ್ಲಿಗೆ ಒಂದೇ ಕ್ಷಣ ತಾಗಿಸಿ. ವೂಫರ್, ಅಂದರೆ ಬೇಸ್ ಕೊಡುವ ದೊಡ್ಡ ಕೋನ್, ಹೊರಗೆ ಹಾರಿದರೆ ಸೆಲ್ಲಿನ ಪ್ಲಸ್ಸಿಗೆ ತಾಗಿದ ತುದಿಯೇ ಕೆಂಪು. ಒಳಗೆ ಹೋದರೆ ಇನ್ನೊಂದು.

ವೈರಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. 8 ಓಮಿನ ಸ್ಪೀಕರಿಗೆ 25 ಅಡಿಯವರೆಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. ಅದಕ್ಕಿಂತ ದೂರ ಇದ್ದರೆ 2.5 ಹಾಕಿ. ಎಳೆಗಳನ್ನು ಚೆನ್ನಾಗಿ ಹೊಸೆದು ಸಿಕ್ಕಿಸಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಆಂಪ್ಲಿಫೈಯರ್ ಕೈಕೊಡುತ್ತದೆ. ಇನ್ನೊಂದು ಚಾಳಿ ಇದೆ. ಅಡುಗೆಮನೆಗೂ ಹಾಡು ಬೇಕು ಅಂತ ಅದೇ ಟರ್ಮಿನಲ್ಲಿಗೆ ಇನ್ನೊಂದು ಸ್ಪೀಕರ್ ಸಿಕ್ಕಿಸುವುದು. 8 ಓಮಿನ ಎರಡು ಹಾಗೆ ಸೇರಿದರೆ 4 ಓಮ್ ಆಗುತ್ತದೆ, ಓಮ್ ಇಳಿದಷ್ಟೂ ಆಂಪ್ಲಿಫೈಯರಿಗೆ ಹೊರೆ ಜಾಸ್ತಿ. ಆಂಪ್ಲಿಫೈಯರಿನ ಹಿಂದೆ 6ರಿಂದ 16 ಓಮ್ ಅಂತ ಬರೆದಿದ್ದರೆ ಅದು ಕಾದು ಸಾಯುತ್ತದೆ. ಅಡುಗೆಮನೆಗೆ ಸುಮ್ನೆ ಒಂದು ಬ್ಲೂಟೂತ್ ಡಬ್ಬಿ ಕೊಡಿಸಿ.

ಹೆಂಚು, ತಾರಸಿ ಮತ್ತು ಸಬ್‌ವೂಫರ್

ಖಾಲಿ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ತಾರಸಿ ಮನೆ, ಹೊಳೆಯುವ ಟೈಲ್ಸ್, ದೊಡ್ಡ ಗಾಜಿನ ಕಿಟಕಿ ಇದ್ದರೆ ಚಪ್ಪಾಳೆಗೆ ಒಂದು ಬಾಲ ಬರುತ್ತದೆ. ಚಂಡೆಯ ಪೆಟ್ಟುಗಳು ಕಲಸಿಹೋಗುವುದು ಆ ಬಾಲದಿಂದ. ಸ್ಪೀಕರಿಗೂ ಸೋಫಾಕ್ಕೂ ನಡುವಿನ ನೆಲಕ್ಕೆ ಒಂದು ದಪ್ಪ ಜಮಖಾನೆ ಹಾಸಿ. ಕಿಟಕಿಗೆ ತೆಳು ಪರದೆ ಬದಲು ಭಾರದ್ದು ಹಾಕಿ. ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಸದ್ದು ಹೀರಲಿ ಅಂತ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಜಿರಳೆ ಬರುತ್ತದೆ, ಬೇಸಿಗೆ ಏನೂ ಆಗುವುದಿಲ್ಲ.

ಹಳೇ ಹೆಂಚಿನ ಮನೆಯ ಕಥೆ ಬೇರೆ. ಮರದ ಮುಚ್ಚಿಗೆ, ಮಣ್ಣಿನ ಗೋಡೆ, ಮುಂದೆ ತೆರೆದ ಜಗುಲಿ. ಪ್ರತಿಧ್ವನಿ ಇಲ್ಲವೇ ಇಲ್ಲ. ಮಾತು ಎಷ್ಟು ಚೊಕ್ಕ ಕೇಳುತ್ತದೆ ಅಂದರೆ ಅಂಥ ಮನೆಗೆ ಹೋದ ದಿನ ನನಗೆ ಕೆಲಸವೇ ಕಡಿಮೆ. ಆದರೆ ಬೇಸ್ ನಿಲ್ಲುವುದಿಲ್ಲ, ಅಂಗಳಕ್ಕೆ ಹೋಗಿಬಿಡುತ್ತದೆ. ಅಲ್ಲಿ ಸ್ಪೀಕರಿಗೆ ಹತ್ತಿರ ಕೂರಿ, ಸ್ಪೀಕರನ್ನು ಗೋಡೆಯ ಹತ್ತಿರಕ್ಕೂ ತಳ್ಳಿ.

ಸೋಫಾ ಹಿಂಗೋಡೆಗೆ ಅಂಟಿಕೊಂಡಿದ್ದರೆ ಬೇಸ್ ಅತಿಯಾಗಿ ಕೇಳುತ್ತದೆ. ಕಾರಣ ಇಷ್ಟೇ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ಸದ್ದು ಎರಡೂ ಗೋಡೆಯ ನಡುವೆ ಹೋಗಿಬಂದು ಗಟ್ಟಿಯಾಗಿ ನಿಲ್ಲುತ್ತದೆ. ಗೋಡೆಯ ಹತ್ತಿರ ಅದು ಅತಿ ಜಾಸ್ತಿ, ಕೋಣೆಯ ನಟ್ಟನಡುವೆ ತೀರಾ ಕಡಿಮೆ. ಸೋಫಾ ಒಂದೆರಡು ಅಡಿ ಮುಂದೆ ತಂದು ನೋಡಿ. ಬಿಟ್ಟಿ ರಿಪೇರಿ.

ಬರೀ ಬೇಸ್ ಕೊಡುವ ಡಬ್ಬಿಯಾದ ಸಬ್‌ವೂಫರ್ ಎಲ್ಲಿಡಬೇಕು ಅಂತ ಹುಡುಕುವುದಕ್ಕೆ ಸ್ವಲ್ಪ ನಾಚಿಕೆ ಬಿಡಬೇಕು. ನೀವು ಕೂರುವ ಜಾಗದಲ್ಲಿ ಸಬ್‌ವೂಫರ್ ಇಟ್ಟು, ಬೇಸ್ ಒಂದೇ ಸಮ ಇರುವ ಹಾಡು ಹಾಕಿ. ಆಮೇಲೆ ಗೋಡೆಯ ಪಕ್ಕದಲ್ಲಿ ಅಂಬೆಗಾಲಿಟ್ಟುಕೊಂಡು ಹೋಗಿ. ಎಲ್ಲಿ ಬೇಸ್ ಗುಂಯ್ ಅನ್ನದೆ, ಸೊರಗದೆ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮನೆಯವರು ನಗುತ್ತಾರೆ, ನಗಲಿ. ಕ್ರಾಸ್‌ಓವರ್, ಅಂದರೆ ಎಲ್ಲಿಂದ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಅನ್ನುವ ಗಡಿ, 80 ಹರ್ಟ್ಜ್‌ಗೆ ಇಡಿ. ಮುಂದಿನ ಸ್ಪೀಕರುಗಳು ಅಂಗೈಯಷ್ಟೇ ಇದ್ದರೆ 120ಕ್ಕೆ ಏರಿಸಿ. ಸಬ್‌ವೂಫರ್ ಇದೆ ಅಂತ ಗೊತ್ತಾಗಬಾರದು, ಆರಿಸಿದಾಗ ಮಾತ್ರ ಏನೋ ಕಮ್ಮಿ ಆಯ್ತು ಅನ್ನಿಸಬೇಕು. ಸೌಂಡ್ ಅಷ್ಟಿದ್ದರೆ ಸಾಕು. ಮರದ ಹಲಗೆಯ ಮಹಡಿ ಆದರೆ ನೆಲವೇ ನಡುಗುತ್ತದೆ. ಒಂದು ಕಡಪ ಕಲ್ಲಿನ ತುಂಡು, ಅದರ ಕೆಳಗೆ ದಪ್ಪ ರಬ್ಬರ್ ಕೊಟ್ಟು ಮೇಲೆ ಸಬ್‌ವೂಫರ್ ಕೂರಿಸಿ.

ಟಿವಿ ಜೊತೆ ಜೋಡಿಸುವಾಗ

ಟಿವಿಯ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುತ್ತದೆ, ಟಿವಿಯ ಸದ್ದು ಹೊರಗೆ ಹೋಗುವುದು ಅದರಿಂದ. ಸೌಂಡ್‌ಬಾರ್ ಅಥವಾ ರಿಸೀವರಿನ (ಹಲವು ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಕೇಬಲ್ ಅದಕ್ಕೇ ಹೋಗಬೇಕು. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ. ಅದಕ್ಕಿಂತ ಹಳೆಯ ಟಿವಿಯಲ್ಲಿ ಹುಡುಕಬೇಡಿ. ಟಿವಿ ಸೆಟ್ಟಿಂಗಿನಲ್ಲಿ ಸಿಇಸಿ ಆನ್ ಮಾಡಿದರೆ ಒಂದೇ ರಿಮೋಟಿನಲ್ಲಿ ಸೌಂಡ್ ಏರಿಳಿಸಬಹುದು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ.

ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇದ್ದರೆ ಎಸೆಯಬೇಡಿ. ಟಿವಿಯ ಆಪ್ಟಿಕಲ್ ತೂತಿನಿಂದ ಡಿಜಿಟಲ್ ಸದ್ದನ್ನು ಹಳೇ ಆಂಪ್ಲಿಫೈಯರಿಗೆ ತಿಳಿಯುವ ಹಾಗೆ ಬದಲಿಸುವ ಒಂದು ಪುಟ್ಟ ಡಿಎಸಿ ಡಬ್ಬಿಗೆ, ಅಲ್ಲಿಂದ ಕೆಂಪು–ಬಿಳಿ ಆರ್‌ಸಿಎ ವೈರಿನಲ್ಲಿ ಆಂಪ್ಲಿಫೈಯರಿಗೆ. ಟಿವಿಯ ಡಿಜಿಟಲ್ ಸೌಂಡ್ ಔಟನ್ನು ಪಿಸಿಎಂಗೆ ಇಡಲು ಮರೆಯಬೇಡಿ. ಡಾಲ್ಬಿಗೆ ಬಿಟ್ಟರೆ ಅಗ್ಗದ ಡಬ್ಬಿಯಿಂದ ಸದ್ದೇ ಬರುವುದಿಲ್ಲ, ಇಲ್ಲವೇ ಬರೀ ಕರಕರ.

"ಹಾಡು ಕಿವಿ ಹರಿಯುತ್ತೆ, ಮಾತೇ ಇಲ್ಲ" ಅನ್ನುವ ದೂರು ಇದ್ದರೆ ಮೊದಲು ನೋಡಬೇಕಾದ ಜಾಗ ರಿಸೀವರಿನ ಸ್ಪೀಕರ್ ಸೆಟಪ್. 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸಿನಿಮಾದಲ್ಲಿ ಮಾತು ಮುಕ್ಕಾಲು ಪಾಲು ಸೆಂಟರ್ ಸ್ಪೀಕರಿಗೆ ಹೋಗುತ್ತದೆ. ನೀವು ಜೋಡಿಸಿದ್ದು ಎರಡೇ ಸ್ಪೀಕರ್, ರಿಸೀವರ್ ಮಾತ್ರ ಸೆಂಟರ್ ಇದೆ ಅಂದುಕೊಂಡಿದ್ದರೆ, ಆ ಮಾತೆಲ್ಲ ಯಾರೂ ಇಲ್ಲದ ಜಾಗಕ್ಕೆ ಹೋಗುತ್ತದೆ. ಸೆಂಟರ್ "ಇಲ್ಲ" ಅಂತ ಒತ್ತಿದರೆ ಮಾತು ಎರಡು ಸ್ಪೀಕರಿಗೂ ಹಂಚಿ ಬರುತ್ತದೆ. ಸೆಂಟರ್ ನಿಜವಾಗಿ ಇದ್ದರೆ ಅದನ್ನು 2, 3 ಡೆಸಿಬೆಲ್ ಏರಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನೈಟ್ ಮೋಡ್ ಹಾಕಿ. ಅದು ಬಾಂಬ್ ತಗ್ಗಿಸಿ ಪಿಸುಮಾತು ಏರಿಸುತ್ತದೆ.

ಹಿಂದಿನ ಎರಡು ಸ್ಪೀಕರ್ ಬೆನ್ನ ಹಿಂದಿನ ಮೂಲೆಗೆ ಅಲ್ಲ. ಕೂತವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಮೇಲೆ ಇರಲಿ. ಅದಕ್ಕೆ ಜಾಗ ಇಲ್ಲದ ಮನೆಗೆ 5.1 ಬೇಡವೇ ಬೇಡ ಅಂತಲೇ ನಾನು ಹೇಳುವುದು. ಎರಡು ಒಳ್ಳೆಯ ಸ್ಪೀಕರ್ ಐದು ಸಾಧಾರಣದ್ದಕ್ಕಿಂತ ಮೇಲು. ಬರೀ ಧಾರಾವಾಹಿ, ವಾರ್ತೆ ನೋಡುವ ಹಿರಿಯರಿಗೆ ಸೆಂಟರ್ ಇರುವ ಸೌಂಡ್‌ಬಾರ್ ಸಾಕು.

ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತಿದ್ದರೆ ಬ್ಲೂಟೂತ್ ಬಿಟ್ಟು ವೈರ್ ಹಾಕಿ. ಆಡಿಯೋ ಡಿಲೇ ಸೆಟ್ಟಿಂಗ್ ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದು, ಬೇಗ ತರಲಾರದು.

ಸಿಡಿಲು, ಕರೆಂಟು, ತೇವ

ಕೈಪಿಡಿಗಳಲ್ಲಿ ನಮ್ಮ ಊರಿನ ಮಳೆಗೆ ಜಾಗ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ರಿಪೇರಿಗೆ ಬರುವ ಆಂಪ್ಲಿಫೈಯರು, ಸೆಟ್‌ಟಾಪ್ ಬಾಕ್ಸಿಗೆ ಲೆಕ್ಕ ಇಲ್ಲ. ಸ್ಪೈಕ್ ಬಸ್ಟರ್ ಹತ್ತಿರದ ಸಿಡಿಲನ್ನು ತಡೆಯುವುದಿಲ್ಲ. ಸ್ವಿಚ್ ಆರಿಸಿದರೂ ಸಾಲದು. ಗುಡುಗು ದೂರ ಇರುವಾಗಲೇ ಪ್ಲಗ್ ಕೀಳಿ, ಅದರ ಜೊತೆ ಡಿಶ್ಶಿನ ಕೇಬಲ್ಲೂ ಕೀಳಿ. ಎಷ್ಟೋ ಟಿವಿ ಸುಟ್ಟದ್ದು ಕರೆಂಟಿನಿಂದಲ್ಲ, ಮಾಡಿನ ಮೇಲಿನ ಡಿಶ್ಶಿನಿಂದ ಬಂದ ಹೊಡೆತದಿಂದ. ತಲೆಯ ಮೇಲೆಯೇ ಗುಡುಗುತ್ತಿರುವಾಗ ಮಾತ್ರ ವೈರ್ ಮುಟ್ಟಲು ಹೋಗಬೇಡಿ, ಮಾರಾಯ್ರೇ.

ಸ್ಪೀಕರಿನಲ್ಲಿ ಸದಾ ಹೂಂ ಅನ್ನುವ ಸದ್ದು ಇದ್ದರೆ ಡಿಶ್ ಕೇಬಲ್ ಕಿತ್ತು ನೋಡಿ. ನಿಂತರೆ ಅದು ಎರಡು ಕಡೆಯಿಂದ ಅರ್ಥಿಂಗ್ ಸೇರಿದ್ದರ ಫಲ. ಕೇಬಲ್ಲಿಗೆ ಹಾಕುವ ಐಸೊಲೇಟರ್ ಸಿಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹೂಂಕಾರ ನಿಲ್ಲಿಸುವವರು ಇದ್ದಾರೆ. ಹಾಗೆ ಮಾಡಬೇಡಿ, ಜೀವಕ್ಕೇ ಅಪಾಯ. ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಜೊಂಯ್ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಮುಂದಿನ ಸಲ ಸೈನ್ ವೇವ್ ತಗೊಳ್ಳಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಆಂಪ್ಲಿಫೈಯರನ್ನು ದಿನಾ ಅರ್ಧ ಗಂಟೆಯಾದರೂ ಹಚ್ಚಿಡಿ. ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಹೊದಿಸುವುದಾದರೆ ಹತ್ತಿಯ ಬಟ್ಟೆ, ಅದೂ ಆರಿಸಿದ ಮೇಲೆ. ಮೇಲೆ 4 ಇಂಚು ಗಾಳಿಗೆ ಜಾಗ ಬಿಡಿ. ಬೆಚ್ಚಗಿನ ಜಾಗ ಅಂತ ಹಲ್ಲಿ ಒಳಗೆ ಹೋಗಿ ಫ್ಯೂಸ್ ಹಾರಿಸುವುದು ಇಲ್ಲಿ ಮಾಮೂಲಿ. ಸೊಳ್ಳೆ ಪರದೆಯ ತುಂಡನ್ನು ಗೂಡಿನ ತೆರೆದ ಬಾಯಿಗೆ ಸಿಕ್ಕಿಸಿ, ಆಂಪ್ಲಿಫೈಯರಿಗೆ ಸುತ್ತಬೇಡಿ. ಹಳೇ ಸ್ಪೀಕರ್ ಕೊಳ್ಳುವಾಗ ವೂಫರಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಆಗಿದ್ದರೆ ಕೆಲವು ವರ್ಷಕ್ಕೆ ಪುಡಿಪುಡಿ ಉದುರುತ್ತದೆ. ರಬ್ಬರ್ ಅಂಚು ಬಾಳುತ್ತದೆ.

ಮಳೆಗಾಲದಲ್ಲಿ ಮೇಳದ ಆಟ ನಿಂತು ತಾಳಮದ್ದಳೆ ಶುರುವಾಗುತ್ತದೆ. ಮನೆಯಲ್ಲಿ ಕೂತು ಕೇಳುವುದಕ್ಕೂ ಅದೇ ಹೊತ್ತು. ಆದರೆ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಾತು ಮುಚ್ಚಿಹೋಗುತ್ತದೆ. ಆಗ ಪೂರ್ತಿ ಸೌಂಡ್ ಏರಿಸುವ ಬದಲು ಬೇಸ್ ತಗ್ಗಿಸಿ, ಟ್ರೆಬಲ್ ಸ್ವಲ್ಪ ಏರಿಸಿ, ಕುರ್ಚಿ ಎರಡು ಅಡಿ ಮುಂದೆ ಎಳೆದುಕೊಳ್ಳಿ. ಹತ್ತಿರ ಕೂತಷ್ಟೂ ಮಳೆಗಿಂತ ಮಾತು ಮುಂದಾಗುತ್ತದೆ.

ಎಲ್ಲ ಆದ ಮೇಲೆ ಒಂದು ಚೀಟಿ ಬರೆದು ಟಿವಿ ಯೂನಿಟ್ಟಿನ ಬಾಗಿಲ ಒಳಗೆ ಅಂಟಿಸಿ. ಮೊದಲು ಯಾವುದು ಆನ್, ಆಮೇಲೆ ಯಾವುದು, ಇನ್‌ಪುಟ್ ಯಾವುದು, ಸೌಂಡ್ ಎಷ್ಟಕ್ಕೆ ಇಡಬೇಕು. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಮಗ ಬೆಂಗಳೂರಿಗೆ ವಾಪಸ್ ಹೋದ ಮರುದಿನ "ಸೌಂಡೇ ಬರ್ತಿಲ್ಲ" ಅಂತ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಅದರಿಂದಲೇ ನಿಲ್ಲುತ್ತವೆ.