ಮೂರು ಮೂರು ನಿಮಿಷ ಸೇರಿಸಿ ಮಸೂದೆ ತಡೆದೆವು

ಗರ್ಭಪಾತ ನಿರ್ಬಂಧಿಸುವ ಮಸೂದೆ ಪಾಸಾಗದಂತೆ ಹೊತ್ತು ಕಳೆಯಲು, ಅಮೆರಿಕದ ಟೆಕ್ಸಸ್ ರಾಜ್ಯದ ಮೇಲ್ಮನೆ ಸೆನೆಟ್‌ನಲ್ಲಿ ಹಗಲಿಡೀ ನಿಂತು ಮಾತಾಡಿದ ಸೆನೆಟರ್ ವೆಂಡಿ ಡೇವಿಸ್ ಬಗ್ಗೆ ಬಹಳ ಜನ ಓದಿದ್ದೀರಿ. ಅದಕ್ಕೆ ಐದು ದಿನ ಮೊದಲು, 2013ರ ಜೂನ್ 20ರಂದು, ರಾಜಧಾನಿ ಆಸ್ಟಿನ್‌ನಲ್ಲಿ ನಾವು ಜನಸಾಮಾನ್ಯರೂ ಅದೇ ಕೆಲಸ ಮಾಡಿದ್ದೆವು.

ಮಸೂದೆ ಗರ್ಭಪಾತಕ್ಕೆ 20 ವಾರದ ಮಿತಿ ಹಾಕುತ್ತಿತ್ತು, ಕ್ಲಿನಿಕ್‌ಗಳಿಗೆ ಶಸ್ತ್ರಚಿಕಿತ್ಸಾ ಕೇಂದ್ರದ ಕಟ್ಟುಪಾಡು ಹೇರುತ್ತಿತ್ತು. ರಾಜ್ಯದ 42 ಕ್ಲಿನಿಕ್‌ಗಳಲ್ಲಿ 5 ಉಳಿದರೆ ಹೆಚ್ಚು ಅನ್ನುತ್ತಿದ್ದರು. ಬಹುಮತ ನಮ್ಮ ಕಡೆ ಇರಲಿಲ್ಲ. ಆದರೆ ವಿಶೇಷ ಅಧಿವೇಶನ 25ರ ಮಧ್ಯರಾತ್ರಿಗೆ ಮುಗಿಯುತ್ತಿತ್ತು, ಅಷ್ಟರಲ್ಲಿ ಪಾಸಾಗದಿದ್ದರೆ ಮಸೂದೆ ಬಿದ್ದಂತೆ.

ಕೆಳಮನೆಯ ಸಮಿತಿ ಮುಂದೆ ಹೆಸರು ಬರೆಸಿದವರಿಗೆ ತಲಾ 3 ನಿಮಿಷ. ಸುಮಾರು 700 ಜನ ಬಂದಿದ್ದೆವು. ಎಲ್ಲರೂ ಮಾತಾಡಿದರೆ 35 ಗಂಟೆ! ಎಲ್ಲೆಲ್ಲಿಂದಲೋ ಜನ ಪಿಜ್ಜಾ, ಕಾಫಿ ಕಳಿಸುತ್ತಿದ್ದರು. ಕಾರಿಡಾರ್‌ನಲ್ಲಿ ನೆಲದ ಮೇಲೆ ಕೂತು, ಮೊಬೈಲಿನಲ್ಲಿ ಟೈಮರ್ ಇಟ್ಟು ಓದಿ ನೋಡುತ್ತಿದ್ದೆ. "ಇನ್ನೂ ನಿಧಾನಕ್ಕೆ ಓದೇ, ಅರ್ಧ ನಿಮಿಷ ಉಳೀತು" ಅಂದಳು ಗೆಳತಿ. ಅವಳು ಹೇಳಿದ್ದು ಸರಿ. ಬೇಗ ಮುಗಿಸಿದರೆ ಆ ಹೊತ್ತು ಮಸೂದೆ ಪರವಾಗಿದ್ದವರ ಪಾಲು.

ಅದಕ್ಕಿಂತ ಮುಖ್ಯ, ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಬಾರದು. ಹಾಗಾಗಿ ನಾನು ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಬಗ್ಗೆ ಬರೆದೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ, 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಸವಿತಾ ಕೇಳಿದ ಗರ್ಭಪಾತವನ್ನು ಆಸ್ಪತ್ರೆಯವರು ಮಾಡಲಿಲ್ಲ. ನಂಜೇರಿ ತೀರಿಕೊಂಡರು. ಅವರಿಗೆ 31 ವರ್ಷ. ಸ್ವತಃ ದಂತವೈದ್ಯೆ. ಮೈಕ್ ಮುಂದೆ ಆ ಹೆಸರು ಹೇಳುವಾಗ ಗಂಟಲು ಕಟ್ಟಿತು, ಆದರೂ ಪೂರ್ತಿ ಓದಿದೆ.

ಕೊನೆಗೆ, ಹೇಳಿದ್ದೇ ಹೇಳುತ್ತಿದ್ದೀರಿ ಎಂದು ಸಮಿತಿ ಮಾತು ಮೊಟಕುಗೊಳಿಸಿತು. ಅದು ಅನ್ಯಾಯ. ಅಲ್ಲಿ ಕೇಳಿದ ಒಂದು ಬದುಕೂ ಇನ್ನೊಂದರ ಹಾಗೆ ಇರಲಿಲ್ಲ. ಸರದಿ ಸಿಗದವರು ಬರೆದದ್ದನ್ನು ಎಸೆಯಲಿಲ್ಲ. ಅಂಥ ಎಷ್ಟೋ ಹೇಳಿಕೆಗಳನ್ನು ಡೇವಿಸ್ ಸೆನೆಟ್‌ನಲ್ಲಿ ಓದಿದರು.

ನಮ್ಮಿಂದ ಆದದ್ದು ವಿಳಂಬ ಅಷ್ಟೇ. ಆದರೆ ಕೆಳಮನೆಯಲ್ಲಿ ಮಸೂದೆ ಪಾಸಾಗುವಾಗ 24ನೇ ತಾರೀಕು ಬಂದಿತ್ತು, ಸೆನೆಟ್‌ಗೆ ಉಳಿದದ್ದು ಕೊನೆಯ ದಿನ. ಒಬ್ಬರೇ ನಿಂತು ತಡೆಯಬಹುದಾದಷ್ಟು ಹೊತ್ತು ಅದು. ಊಟವಿಲ್ಲ, ನೀರಿಲ್ಲ, ಮೇಜಿಗೆ ಒರಗುವಂತಿಲ್ಲ. ಡೇವಿಸ್ ಸುಮಾರು 11 ಗಂಟೆ ನಿಂತರು. ಆಕ್ಷೇಪಣೆ ಎತ್ತಿ ಅವರನ್ನು ನಿಲ್ಲಿಸಿದಾಗ ಉಳಿದ ಹೊತ್ತನ್ನು ಗ್ಯಾಲರಿಯ ಕೂಗು ತುಂಬಿತು. ಮತದಾನ ಮಧ್ಯರಾತ್ರಿ ದಾಟಿತು, ಮಸೂದೆ ಬಿತ್ತು.

ಜುಲೈನಲ್ಲಿ ಇನ್ನೊಂದು ವಿಶೇಷ ಅಧಿವೇಶನ ಕರೆದು ಪಾಸು ಮಾಡಿಕೊಂಡರು. ಕ್ಲಿನಿಕ್‌ಗಳನ್ನು ಮುಚ್ಚಿಸುತ್ತಿದ್ದ ಅದರ ಎರಡು ಮುಖ್ಯ ನಿಯಮಗಳನ್ನು 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು.